ಮೂರು ನಮೂನೆಯ ಪರದೆ

ಯಾವುದಾದರೂ ಒಂದು ವಿಷಯವನ್ನು ಪೂರ್ತಿ ತಿಳಿದುಕೊಂಡವರನ್ನು ಮನೆಯಲ್ಲಿ ಇಟ್ಟುಕೊಳ್ಳಬಾರದು ಎಂಬುದು ನನ್ನ ಇತ್ತೀಚಿನ ಅಭಿಪ್ರಾಯ. ಅಡುಗೆ ಗೊತ್ತಿದ್ದವರು ಬೇರೆಯವರ ಸಾರಿಗೆ ಹುಳಿ ಸಾಲದು ಎನ್ನುತ್ತಾರೆ. ಸಂಗೀತ ಗೊತ್ತಿದ್ದವರು ಜೋಗುಳದಲ್ಲೂ ಅಪಸ್ವರ ಹುಡುಕುತ್ತಾರೆ. ನನಗೆ ಗೊತ್ತಿರುವುದು ಸೊಳ್ಳೆಪರದೆ. ನಗಬೇಡಿ ಮಾರಾಯ್ರೆ, ಅದೇ ನನ್ನ ಅನ್ನ. ಕೊಚ್ಚಿಯ ಕಾಕ್ಕನಾಡಿನ ಒಂದು ಗಾಜಿನ ಕಟ್ಟಡದಲ್ಲಿ ಕೂತು, ಪರದೇಶದ ವೈದ್ಯರು ನಡೆಸಿದ ಪರೀಕ್ಷೆಗಳನ್ನೆಲ್ಲ ಓದಿ, ಒಂದರ ಪಕ್ಕದಲ್ಲಿ ಇನ್ನೊಂದನ್ನಿಟ್ಟು ತೂಗಿ, ‘ಇದಕ್ಕಿಂತ ಅದು ಮೇಲು ಎಂದು ಕಾಣುತ್ತದೆ, ಆದರೆ ಖಚಿತವಾಗಿ ಹೇಳಲಾಗದು’ ಎಂದು ಬರೆದುಕೊಡುವ ಉದ್ಯೋಗ ನನ್ನದು. ಹಿಂದೊಮ್ಮೆ ಮಂಡಿನೋವಿನ ಮುಲಾಮುಗಳನ್ನು ಹೀಗೆ ತೂಗಿದ್ದೆ. ಈ ವರ್ಷ ಬಂದದ್ದು ಮಲೇರಿಯಾ ತಡೆಯುವ, ಕೀಟನಾಶಕ ಲೇಪಿಸಿದ ಸೊಳ್ಳೆಪರದೆಗಳು.

ಪರದೆಯಲ್ಲಿ ಹೋಲಿಸುವುದಕ್ಕೆ ಎಂತ ಇದೆ ಎಂದು ನನಗೂ ಮೊದಲು ಅನಿಸಿತ್ತು. ಇದೆ. ಮುಖ್ಯವಾಗಿ ಮೂರು ನಮೂನೆ. ಮೊದಲನೆಯದು ಹಳೆಯದು: ನೂಲಿನಲ್ಲಿ ಒಂದೇ ಮದ್ದು, ಸೊಳ್ಳೆ ಬಂದು ಕೂತರೆ ಸಾಯಬೇಕು. ವರ್ಷಗಟ್ಟಲೆ ಸತ್ತವು ಕೂಡ. ಆಮೇಲೆ ಹಲವು ಕಡೆ ಸೊಳ್ಳೆಗಳಿಗೆ ಆ ಮದ್ದು ಅರಗಲು ಶುರುವಾಯಿತು, ನಮ್ಮ ಮಂಗಳೂರಿನವರಿಗೆ ಖಾರ ಅರಗಿದ ಹಾಗೆ. ಆಗ ಬಂತು ಎರಡನೆಯದು: ಅದೇ ಮದ್ದು, ಜೊತೆಗೆ ಸೊಳ್ಳೆಯ ಆ ಅರಗಿಸುವ ಶಕ್ತಿಯನ್ನೇ ಕಟ್ಟಿಹಾಕುವ ಇನ್ನೊಂದು ವಸ್ತು. ಮೂರನೆಯದರಲ್ಲಿ ಎರಡು ಬೇರೆ ಬೇರೆ ಮದ್ದು. ಒಂದಕ್ಕೆ ಬಗ್ಗದ್ದು ಇನ್ನೊಂದಕ್ಕೆ ಬಗ್ಗಲಿ ಎಂದು. ಯಾವ ಊರಲ್ಲಿ ಯಾವುದು ಒಳ್ಳೆಯದು ಎನ್ನುವುದು ಆ ಊರಿನ ಸೊಳ್ಳೆಯ ಜಾತಕದ ಮೇಲೆ. ಒಂದು ಪರದೆ ಮೇಲು ಎಂದು ತೋರಿಸಬೇಕಾದರೆ ಇನ್ನೊಂದು ಪರದೆಯಡಿ ಕೆಲವು ಊರಿನವರು ಮಲಗಿರಬೇಕಲ್ಲ? ಅವರಿಗೆ ಸಾಮಾನ್ಯವಾಗಿ ಸಿಗುವುದು ಆ ಹಳೆಯ ನಮೂನೆ. ಅವರಲ್ಲಿ ಎಷ್ಟು ಮಕ್ಕಳಿಗೆ ಜ್ವರ ಬಂತು ಎಂದು ಎಣಿಸಿದ ಮೇಲೆಯೇ ನಮ್ಮ ಕೈಗೆ ಜ್ಞಾನ ಬರುವುದು. ಊಟದ ಹೊತ್ತಿಗೆ ಆ ಸಂಖ್ಯೆಗಳನ್ನು ಮುಚ್ಚಿಟ್ಟು, ಕ್ಯಾಂಟೀನಿಗೆ ಹೋಗಿ, ಕಪ್ಪ ಎಂಬ ಮರಗೆಣಸಿನ ಜೊತೆ ಮೀನಿನ ಸಾರು ಇವತ್ತು ಚೆನ್ನಾಗಿಲ್ಲ ಎಂದು ದೂರುವುದು ನಮ್ಮ ಕ್ರಮ.

ಇಷ್ಟೆಲ್ಲ ಬಲ್ಲ ನನ್ನ ಮನೆಯಲ್ಲಿ ಒಂದೂ ಪರದೆ ಇರಲಿಲ್ಲ. ಕೊಚ್ಚಿಯ ಸೊಳ್ಳೆಯ ಬಗ್ಗೆ ಕೊಚ್ಚಿಯವರೇ ಹೆಮ್ಮೆಯಿಂದ ಮಾತಾಡುತ್ತಾರೆ. ಸಂಜೆಯಾಗುತ್ತಲೇ ಕಿಟಕಿ ಮುಚ್ಚಿ, ಇಡ್ಲಿ ಪಾತ್ರೆಯ ಹಾಗೆ ಬೇಯುವ ಮನೆಯಲ್ಲಿ ಕರೆಂಟಿನ ಬ್ಯಾಟು ಬೀಸುತ್ತಾ ಕೂರುವುದು ಇಲ್ಲಿಯ ಸಂಸ್ಕೃತಿ. ಆದರೆ ಇಲ್ಲಿ ಮಲೇರಿಯಾ ಅಪರೂಪ; ಬಂದರೂ ಹೆಚ್ಚಾಗಿ ಹೊರಗಿನಿಂದ ಬಂದವರ ಜೊತೆ ಬಂದದ್ದು. ಮಲೇರಿಯಾಕ್ಕೆ ಹೆಸರಾದ ಮಂಗಳೂರಿನಲ್ಲಿ ಬೆಳೆದ ನನಗೆ ಇದರ ಬೆಲೆ ಗೊತ್ತು. ಕಾಲೇಜಿನಲ್ಲಿದ್ದಾಗ ನನಗೇ ಬಂದಿತ್ತು. ಮೂರು ಕಂಬಳಿ ಹೊದ್ದರೂ ಹಲ್ಲು ಕಟಕಟ. ನನ್ನ ನಡುಕಕ್ಕೆ ಮಂಚ ಗೋಡೆಗೆ ಬಡಿದು, ಪಕ್ಕದ ಮನೆಯವರು ಏನು ರಿಪೇರಿ ಮಾಡಿಸುತ್ತಿದ್ದೀರಿ ಎಂದು ಕೇಳಿದ್ದರು.

ಇನ್ನು ನನ್ನ ಸಂಸಾರ. ಗಂಡ ಶ್ರೀಶೈಲ ಗದಗಿನವರು. ಮೊದಲು ನಾವಿಬ್ಬರೂ ಕಾಕ್ಕನಾಡಿನಲ್ಲೇ ಇದ್ದೆವು. ಆಮೇಲೆ ಅವರ ಕಂಪನಿ ಅವರನ್ನು ತಿರುವನಂತಪುರದ ಕಳಕ್ಕೂಟಂಗೆ ಹಾಕಿತು. ಅಲ್ಲಿ ನಾಲ್ವರು ಗಂಡಸರು ಕೂಡಿ ಒಂದು ಫ್ಲಾಟು, ಅದರ ಅಡುಗೆಮನೆಯಲ್ಲಿ ಒಂದೇ ಪಾತ್ರೆ. ಆದ್ದರಿಂದ ನನ್ನ ಅತ್ತೆ ಅಲ್ಲಿ ಇರುವಂತಿಲ್ಲ. ಮಗನ ಜೊತೆ ಇರಬೇಕೆಂದು ಗದಗಿನಿಂದ ಬಂದ ಆ ತಾಯಿ, ಮಗನನ್ನು ಬಿಟ್ಟು ಸೊಸೆಯ ಜೊತೆ ಕೊಚ್ಚಿಯಲ್ಲಿದ್ದಾರೆ. ಶುಕ್ರವಾರ ಸಂಜೆಯ ರೈಲಿಗೆ ಮಗ ಬರುತ್ತಾನೆ; ಒಗೆಯುವ ಬಟ್ಟೆಯ ಚೀಲ ಮೊದಲು ಒಳಗೆ ಬರುತ್ತದೆ, ಆಮೇಲೆ ಅವನು. ಭಾನುವಾರ ಮಡಚಿದ ಬಟ್ಟೆಯ ಚೀಲ ಮೊದಲು ಹೊರಗೆ ಹೋಗುತ್ತದೆ. ಇದಕ್ಕೆ ದಾಂಪತ್ಯ ಎಂದು ಹೆಸರು.

ಅಂಥ ಒಂದು ಶುಕ್ರವಾರ ಬಂದ ಶ್ರೀಶೈಲ, ಚಹಾ ಕುಡಿಯುತ್ತಾ, ಕಂಪನಿ ತನ್ನನ್ನು ಒಂದು ವರ್ಷ ಆಫ್ರಿಕದ ಒಂದು ಬಂದರು ಪಟ್ಟಣಕ್ಕೆ ಕಳಿಸಬೇಕೆಂದಿದೆ ಎಂದರು. ಅಲ್ಲಿದ್ದ ಅನೂಪ್ ಎಂಬ ಹುಡುಗ ಮಲೇರಿಯಾ ಬಂದು ವಾಪಸಾಗಿದ್ದಾನೆ, ಆ ಜಾಗ ಖಾಲಿ.

“ಏನ್ ಮಾಡ್ಲಿ? ಹೋಗ್ಲೋ ಬ್ಯಾಡೋ?” ಎಂದು ಕೇಳಿದರು.

ಹೋಗುವುದು ಬೇಡ ಎನ್ನುವ ಮಾತು ನನ್ನ ನಾಲಗೆಯ ತುದಿಯಲ್ಲೇ ಇತ್ತು. ಆದರೆ ಬೇಡ ಎಂದರೆ ಇವಳಿಂದ ಅವಕಾಶ ತಪ್ಪಿತು ಎಂದಾಗುತ್ತದೆ. ಹೋಗಿ ಎಂದು ಹೇಳಿ ಅಲ್ಲಿ ಏನಾದರೂ ಆದರೆ ಇವಳೇ ಕಳಿಸಿದಳು ಎಂದಾಗುತ್ತದೆ. ಎರಡರ ನಡುವೆ ಸಿಕ್ಕಿಕೊಂಡವಳನ್ನು ಉದ್ಯೋಗ ಕೈ ಹಿಡಿಯಿತು. “ಅಲ್ಲಿಗೆ ಹೋಗುವುದಾದರೆ ಮೊದಲು ಯಾವ ಪರದೆ ಅಂತ ನೋಡ್ಬೇಕು” ಎಂದೆ. ಎಂದು ಸುಮ್ಮನಾಗಬಾರದಿತ್ತೇ? ಮೂರು ನಮೂನೆಯನ್ನೂ ವಿವರಿಸಿದೆ. ಚಹಾ ಆರಿತು.

“ಒಂದು ಹೇಳು ಸಾಕು. ಯಾವುದು ಚಲೋ?” ಎಂದರು.

“ಹಾಗೆ ಹೇಳ್ಲಿಕ್ಕೆ ಆಗುವುದಿಲ್ಲ. ಅಲ್ಲಿಯ ಸೊಳ್ಳೆ ಎಂಥದ್ದು ಅಂತ ಗೊತ್ತಾಗ್ಬೇಕು.”

“ಹೋಗಿ ಕೇಳಿ ಫೋನ್ ಮಾಡ್ತೀನಿ, ತಗೋ” ಎಂದು ಅವರು ಟಿವಿ ಹಾಕಿದರು.

ಹೋಗುವುದೆಂದು ತಾನಾಗಿಯೇ ತೀರ್ಮಾನವಾಯಿತು. ಮುಂದಿನ ವಾರಗಳೆಲ್ಲ ನನಗೆ ಪರದೆಯದೇ ಧ್ಯಾನ. ಎರಡು ಮದ್ದಿನದೇ ಬೇಕೆಂದು ಎರ್ನಾಕುಲಂ ಪೇಟೆ ಸುತ್ತಿದೆ. ಅಂಗಡಿಯವರ ಹತ್ತಿರ ಗುಲಾಬಿ ಬಣ್ಣದ್ದು, ಜಾಲರಿಯಂಚಿನದು, ಕೊಡೆಯ ಹಾಗೆ ಮಡಚುವಂಥದ್ದು ಎಲ್ಲ ಇದ್ದವು. ಮದ್ದಿನದು ಎಂದ ಕೂಡಲೇ ಒಬ್ಬರು ತುಂಬ ಮರ್ಯಾದೆಯಿಂದ, “ಮರುನ್ನು ಬೇಕಾದರೆ ಮೆಡಿಕಲ್ ಶಾಪ್ ಆ ಕಡೆ ಇದೆ ಚೇಚಿ” ಎಂದು ಈ ಅಕ್ಕನಿಗೆ ದಾರಿ ತೋರಿಸಿದರು. ಮಲೇರಿಯಾ ಇರುವ ಬಡ ಊರುಗಳಿಗೆ ಸರ್ಕಾರಗಳು ಹಂಚುವ ವಸ್ತು ಅದು. ದುಡ್ಡು ಕೊಟ್ಟು ಕೊಳ್ಳುವವರಿಗೆ ಸಿಗುವುದು ಜಾಲರಿಯಂಚು ಮಾತ್ರ.

ಕೊನೆಗೆ ಪರದೆ ಸಿಕ್ಕಿದ್ದು ಕಳಕ್ಕೂಟಂನಲ್ಲೇ. ಜ್ವರ ಬಂದು ವಾಪಸಾದ ಅದೇ ಅನೂಪನ ಹತ್ತಿರ, ಅಲ್ಲಿಂದ ತಂದ, ಇನ್ನೂ ಕಟ್ಟು ಬಿಚ್ಚದ ಎರಡು ಮದ್ದಿನ ಪರದೆಯೊಂದು ಇದೆ ಎಂದು ಗಂಡ ಹೇಳಿದರು. ನಾನೇ ರೈಲು ಹತ್ತಿ ಹೋದೆ. ಕೂದಲು ಅರ್ಧ ಉದುರಿದ, ಅಂಗಿಯೊಳಗೆ ಅಲ್ಲಾಡುತ್ತಿದ್ದ ಹುಡುಗ. ಮೂರನೆಯ ನಮೂನೆಯೇ ಹೌದೆಂದು ನೋಡಿ ನನಗೆ ಎಷ್ಟು ಖುಷಿಯಾಯಿತೆಂದರೆ, ಅವನ ಆರೋಗ್ಯ ವಿಚಾರಿಸುವ ಮೊದಲೇ, “ಇಷ್ಟು ಒಳ್ಳೆಯ ಪರದೆ ಇದ್ದೂ ಜ್ವರ ಹೇಗೆ ಬಂತು?” ಎಂದು ಕೇಳಿಬಿಟ್ಟೆ.

“ನೆಟ್ ಉಂಡಾಯಿರುನ್ನು ಚೇಚಿ. ಕೆಟ್ಟಿಯಿಲ್ಲ” ಎಂದ. ನೆಟ್ ಇತ್ತು, ಕಟ್ಟಲಿಲ್ಲ. ಅಷ್ಟು ಸೆಕೆಯಲ್ಲಿ ಅದರೊಳಗೆ ಮಲಗಲು ಆಗುತ್ತಿರಲಿಲ್ಲವಂತೆ.

ತಂದ ಪರದೆಯ ಮೇಲೆ ಸೂಚನೆ ಇತ್ತು: ಬಿಚ್ಚಿ ಒಂದು ದಿನ ನೆರಳಲ್ಲಿ ಗಾಳಿಗೆ ಹಾಕಬೇಕು. ಹಾಗೆಯೇ ಹಿಂದಿನ ಬಾಲ್ಕನಿಯಲ್ಲಿ ಹರಡಿ ಆಫೀಸಿಗೆ ಹೋದೆ. ಒಂದು ಮಾತು ಅತ್ತೆಗೆ ಹೇಳಬೇಕಿತ್ತು. ಪರದೆಯ ಬಗ್ಗೆ ಇಡೀ ಜಗತ್ತಿಗೆ ಹೇಳುವವಳು ಅತ್ತೆಗೆ ಹೇಳಲಿಲ್ಲ. ಸಂಜೆ ಬಂದು ನೋಡಿದರೆ ಬಾಲ್ಕನಿ ಖಾಲಿ. ತಾರಸಿಯ ಮೇಲೆ, ಪಡುವಣ ಬಿಸಿಲಿಗೆ ಎದುರಾಗಿ, ಪರದೆ ಬೆಳ್ಳಗೆ ಹಾರಾಡುತ್ತಿತ್ತು.

“ಎಂತ ಮಾಡಿದ್ರಿ ಅತ್ತೆ?”

“ಹೊಸಾ ಅರಿವಿ ಒಗೀಲಾರದ ಯಾರರೆ ಬಳಸ್ತಾರೇನವಾ? ಅದೂ ಎಂಥಾ ನಾತ ಹೊಡಿಲಿಕ್ಕತ್ತಿತ್ತು. ಒಂದ ನೀರಿಗೆ ಹೋಗಲೇ ಇಲ್ಲ. ಬಿಸಿನೀರಾಗ ನೆನಿ ಇಟ್ಟು, ಬ್ಲೀಚಿಂಗ್ ಪೌಡರ್ ಹಾಕಿ, ಕಲ್ಲಿಗೆ ಬಡದೀನಿ. ಈಗ ಮೂಸಿ ನೋಡು.”

“ಆ ನಾತವೇ ಮದ್ದು ಅತ್ತೆ. ಸೊಳ್ಳೆ ಕೊಲ್ಲುವ ವಿಷ ಅದು.”

“ವಿಷಾ?” ಅತ್ತೆಯ ಮುಖದಲ್ಲಿ ಎಷ್ಟು ಸಮಾಧಾನ ಮೂಡಿತೆಂದರೆ ನನಗೆ ಸಿಟ್ಟು ಮಾಡಲೂ ಆಗಲಿಲ್ಲ. “ಚಲೋ ಆತು ಬಿಡು, ಒಗದದ್ದು. ನನ್ನ ಮಗಾ ಮಲಗೋ ಪರದಿ.”

ನಮ್ಮ ಪರೀಕ್ಷೆಗಳಲ್ಲಿ ಪರದೆಯನ್ನು ಇಪ್ಪತ್ತು ಸಲ ಒಗೆದು, ಆಮೇಲೂ ಸೊಳ್ಳೆ ಸಾಯುತ್ತದೆಯೇ ಎಂದು ನೋಡುತ್ತಾರೆ. ಆ ಒಗೆತ ಗದಗಿನವರ ಒಗೆತವಲ್ಲ. ಬ್ಲೀಚಿಂಗ್ ಪೌಡರೂ ಇಲ್ಲ, ಕೊಚ್ಚಿಯ ಹಳೆಯ ಫ್ಲಾಟುಗಳ ಹಿಂಬದಿಯಲ್ಲಿ ಈಗಲೂ ಉಳಿದಿರುವ ಒಗೆಯುವ ಕಲ್ಲೂ ಇಲ್ಲ, ಮಗನ ಮೇಲಿನ ಮಮತೆಯೂ ಇಲ್ಲ. ಎರಡು ಮದ್ದೂ ಸೇರಿ ಕೆಳಗಿನ ಮೋರಿಗೆ ಹೋದವು. ಆಮೇಲೆ ಕೆಲವು ದಿನ ನಮ್ಮ ಮೋರಿಯಲ್ಲಿ ಸೊಳ್ಳೆ ಕಾಣಲಿಲ್ಲ ಎಂದು ಕಾವಲುಗಾರ ಆಶ್ಚರ್ಯಪಟ್ಟ. ಜಗತ್ತಿನ ಅತ್ಯುತ್ತಮ ಪರದೆಯಿಂದ ಈ ಸಂಸಾರಕ್ಕೆ ಆದ ಉಪಕಾರ ಅಷ್ಟೇ.

ಹೊರಡುವ ಹಿಂದಿನ ಸಂಜೆ ಶ್ರೀಶೈಲ ಪೆಟ್ಟಿಗೆ ತುಂಬುತ್ತಿದ್ದರು. ಕಂಪನಿ ಕೊಟ್ಟ ಕಿಟ್ಟಿನಲ್ಲಿ ಮಾತ್ರೆಗಳಿದ್ದವು, ಒಂದು ಪರದೆಯೂ ಇತ್ತು. ತಿರುಗಿಸಿ ನೋಡಿದೆ. ಹಳೆಯ ನಮೂನೆ. ನನ್ನ ಮೇಜಿನ ಮೇಲಿನ ಕಾಗದಗಳಲ್ಲಿ ಸೋಲಲೆಂದೇ ಇಟ್ಟುಕೊಂಡಿದ್ದ ಪರದೆ ನನ್ನ ಗಂಡನ ಪೆಟ್ಟಿಗೆಯಲ್ಲಿ ಕೂತಿತ್ತು. ಇದು ಅಲ್ಲಿ ನಡೆಯುವುದಿಲ್ಲ, ಎರಡನೆಯದಾದರೂ ಬೇಕಿತ್ತು ಎಂದು ಶುರು ಮಾಡಿದೆ.

ಅವರು ಪೆಟ್ಟಿಗೆಯ ಜಿಪ್ ಎಳೆಯುತ್ತಾ ತಣ್ಣಗೆ ಹೇಳಿದರು: “ನೀ ಒಮ್ಮೆನೂ ‘ಹೋಗಬ್ಯಾಡ್ರಿ’ ಅನ್ನಲಿಲ್ಲ ನೋಡು.”

“ನೀವು ಕೇಳಿದ್ರಾ?”

“ಕೇಳಿದ್ನಿ. ನೀ ಮೂರು ನಮೂನಿ ಪರದಿ ಹೇಳಿದಿ.”

ಮರುದಿನ ಹೋದರು.

ಅತ್ತೆಗೆ ವಸ್ತು ಹಾಳಾಗುವುದು ಸಹಿಸದು. ಒಗೆದ ಪರದೆಯನ್ನು ನಾನೂ ಅವರೂ ಮಲಗುವ ಮಂಚಕ್ಕೆ ಕಟ್ಟಿಸಿದರು. ಹಾಗಾಗಿ ಮಲೇರಿಯಾ ಇಲ್ಲದ ಊರಲ್ಲಿ, ಮದ್ದಿಲ್ಲದ ಪರದೆಯೊಳಗೆ, ಅತ್ತೆ ಸೊಸೆ ಇಬ್ಬರೂ ಬಹಳ ಸುರಕ್ಷಿತವಾಗಿ ಮಲಗತೊಡಗಿದೆವು. ಅತ್ತ ಮಲೇರಿಯಾ ಇರುವ ಊರಿನಿಂದ ವೀಡಿಯೊದಲ್ಲಿ ಮಾತಾಡುವಾಗ, ಗಂಡನ ತಲೆಯ ಹಿಂದೆ ಪರದೆ ಗಂಟು ಕಟ್ಟಿ ಮೇಲಕ್ಕೆ ಎತ್ತಿಟ್ಟಿದ್ದು ಕಾಣುತ್ತಿತ್ತು. ಇಳಿಸುತ್ತೀರಲ್ಲ ಎಂದರೆ ಹೂಂ ಎನ್ನುತ್ತಿದ್ದರು. ಸೆಕೆಯೇ ಎಂದರೂ ಹೂಂ. ಮಾತ್ರೆ ತೆಗೆದುಕೊಂಡಿರಾ ಎಂದರೆ, ಅದು ಹೊಟ್ಟೆಗೆ ಆಗಿಬರುವುದಿಲ್ಲ ಎಂದು ಮಾತು ಬದಲಿಸುತ್ತಿದ್ದರು.

ಒಂದು ಬೆಳಿಗ್ಗೆ ದೋಸೆಗೆ ಕಾವಲಿ ಇಟ್ಟಿದ್ದಾಗ ಫೋನು ಬಂತು. ಗಂಡನ ಧ್ವನಿ ನಡುಗುತ್ತಿತ್ತು. ಆ ನಡುಕ ನನಗೆ ಗೊತ್ತು; ಅದು ಮಂಚವನ್ನು ಗೋಡೆಗೆ ಬಡಿಸುವ ನಡುಕ. ಆಸ್ಪತ್ರೆಗೆ ಸೇರಿಸಿದ್ದಾರೆ, ರಕ್ತದಲ್ಲಿ ಮಲೇರಿಯಾ, ಕೆಟ್ಟ ಜಾತಿಯದು ಎಂದರು. ನನ್ನ ಬಾಯಿ ಮೊದಲು ಏನು ಕೇಳಿತು ಗೊತ್ತೇ?

“ಪರದೆ ಇಳಿಸಿದ್ರಾ, ಇಲ್ವಾ?”

ಅತ್ತೆ ನನ್ನ ಕೈಯಿಂದ ಫೋನು ಕಿತ್ತುಕೊಂಡರು. ಅವರಿಗೆ ಪರದೆಯ ಯಾವ ನಮೂನೆಯೂ ಗೊತ್ತಿಲ್ಲ. “ಸಾಕಪ್ಪಾ, ಮನಿಗೆ ಬಾ” ಎಂದರು. ಅಷ್ಟೇ. ಶ್ರೀಶೈಲ ಅಳುವುದು ನನಗೆ ದೋಸೆಯ ಹೊಗೆಯ ನಡುವೆ ಕೇಳಿಸಿತು.

ಔಷಧಿ ಹಿಡಿಯಿತು. ಬದುಕಿದರು. ಆ ದಿನಗಳಲ್ಲಿ ನಾನು ಹೇಗಿದ್ದೆ ಎಂಬುದನ್ನು ಬರೆಯಲು ಹೋಗುವುದಿಲ್ಲ. ಆಫೀಸಿಗೆ ಹೋಗುತ್ತಿದ್ದೆ, ಅಷ್ಟೇ ನೆನಪು. ನಮ್ಮ ಹೋಲಿಕೆಯ ವರದಿ ಮುಗಿದು, ಬಹಳ ಚೆನ್ನಾಗಿದೆ ಎಂದು ಮೇಲಿನವರು ಹೊಗಳಿದರು.

ಕಳೆದ ವಾರ ಶ್ರೀಶೈಲ ಫೋನು ಮಾಡಿದರು. ಪ್ರಯಾಣ ಮಾಡಬಹುದು ಎಂದು ಡಾಕ್ಟರು ಹೇಳಿದ್ದಾರೆ, ಕೊಚ್ಚಿಗೆ ಬೇರೆ ಬೇರೆ ದಾರಿಯ ವಿಮಾನಗಳಿವೆ, ಯಾವುದರಲ್ಲಿ ಬರಲಿ ಎಂದರು. ಒಂದೊಂದಕ್ಕೂ ಅದರದೇ ಗುಣ, ಅದರದೇ ದೋಷ. ನಾಲಗೆಗೆ ಬಂದದ್ದನ್ನೆಲ್ಲ ನುಂಗಿಕೊಂಡೆ. “ಮೊದಲು ಹೊರಡುವುದರಲ್ಲಿ ಬನ್ನಿ” ಎಂದೆ. ಅವರು “ಇಷ್ಟು ಹೇಳಾಕ ಇಷ್ಟು ದಿನ ಬೇಕಾತೇನು?” ಎಂದು ನಕ್ಕರು. ಟಿಕೆಟ್ಟೂ ಮಾಡಿಸಿಬಿಟ್ಟರು.

ಫೋನು ಇಟ್ಟ ಮೇಲೆ ಸುಮ್ಮನಿರಲಾರದೆ ಎಲ್ಲವನ್ನೂ ಹೋಲಿಸಿ ನೋಡಿದೆ. ಇದ್ದುದರಲ್ಲಿ ಅದೇ ಅತ್ಯಂತ ಕೆಟ್ಟ ವಿಮಾನ. ಎರಡು ಕಡೆ ಇಳಿಸಿ ಹತ್ತಿಸುತ್ತದೆ, ನಡುವೆ ಒಂದಿಡೀ ದಿನ ವಿಮಾನ ನಿಲ್ದಾಣದಲ್ಲಿ ಕೂರಿಸುತ್ತದೆ, ಎಲ್ಲಕ್ಕಿಂತ ಮೊದಲು ಹೊರಟು ಎಲ್ಲಕ್ಕಿಂತ ಕೊನೆಗೆ ಬಂದು ಮುಟ್ಟುತ್ತದೆ. ಅವರಿಗೆ ಹೇಳಿಲ್ಲ.