ಮಂಚ ಹೊರಗೆ ಬಂದ ದಿನ

ಆಫೀಸಿನ ಹಳೆಯ ಬೀರುವಿನಲ್ಲಿ ಸಿಕ್ಕ ಫ್ಲಾಪಿಯನ್ನು ಕಂಪ್ಯೂಟರ್ ರಿಪೇರಿಯವನು ಸುಮ್ಮನೆ ಕಸದ ಬುಟ್ಟಿಗೆ ಹಾಕಿದ್ದರೆ ರವಾನೆ ಗುಮಾಸ್ತರು ತಮ್ಮ ಪಾಡಿಗೆ ತಾವು ಇರುತ್ತಿದ್ದರು. ಅವನು ಅದನ್ನು ಹೇಗೋ ತೆರೆದು ನೋಡಿದ. ನೋಡಿದ್ದು ಸಾಲದೆ ಎಲ್ಲರ ಕಂಪ್ಯೂಟರಿಗೂ ಹಾಕಿಕೊಟ್ಟ.

ಅದರಲ್ಲಿದ್ದದ್ದು 'ಮನೆ ಖಾಲಿ' ಎಂಬ ಆಟ. ಹಂತಕ್ಕೊಂದು ಮನೆ, ಮನೆ ತುಂಬ ಬೀರು, ಮೇಜು, ಪೆಟ್ಟಿಗೆ. ಅವನ್ನು ಅತ್ತ ಇತ್ತ ತಳ್ಳಿ ಮಂಚವನ್ನು ಬಾಗಿಲಿನಿಂದಾಚೆ ತರಬೇಕು. ಮ್ಯಾನೇಜರು ತಮ್ಮ ಮನೆ ಬದಲಾಯಿಸುವ ಗಡಿಬಿಡಿಯಲ್ಲಿದ್ದರು, ಸಂಜೆಯವರೆಗೆ ಬರುವವರಿರಲಿಲ್ಲ. ಇಡೀ ಆಫೀಸು ಮಂಚದ ಹಿಂದೆ ಬಿತ್ತು.

"ಇದನ್ನ ಬರೆದವನ ತಲೆಯೇ ತಲೆ" ಎಂದರು ಲೆಕ್ಕದ ಮೇಡಂ, ಪರದೆಯಿಂದ ಕಣ್ಣು ಕೀಳದೆ.

ಗುಮಾಸ್ತರ ಎದೆ ಉಬ್ಬಿತು. ಪ್ರಾಯದಲ್ಲಿ ನಿದ್ದೆಗೆಟ್ಟು ಅದನ್ನು ಬರೆದವರು ಅವರೇ. ಸಂಕೋಚಕ್ಕೆ ಹೆಸರು ಹಾಕಿರಲಿಲ್ಲ. ಆಗ ಮಾರಲು ಒಯ್ದರೆ ಕಂಪ್ಯೂಟರ್ ಅಂಗಡಿಯವನು, "ಸಾಮಾನು ಸಾಗಿಸೋ ಪಡಿಪಾಟಲನ್ನ ದುಡ್ಡು ಕೊಟ್ಟು ಯಾರು ಪಡ್ತಾರೆ?" ಎಂದು ವಾಪಸು ಕೊಟ್ಟಿದ್ದ. ಆಡಿದವನು ಹೆಂಡತಿಯ ತಮ್ಮ ಒಬ್ಬನೇ, ಅವನೂ ಆಡುತ್ತಲೇ ನಿದ್ದೆಹೋಗಿದ್ದ. ಬೇಜಾರಿನಲ್ಲಿ ಫ್ಲಾಪಿಯನ್ನು ಆಫೀಸಿನ ಬೀರುವಿಗೆ ಎಸೆದು ಮರೆತಿದ್ದರು.

"ಅದು ನಾನೇ ಬರೆದದ್ದು, ಮೇಡಂ."

ಮೇಡಂ ನಕ್ಕರು. ರಿಪೇರಿಯವನೂ ನಕ್ಕ. "ಮೊನ್ನೆ ಪ್ರಿಂಟರ್ ಕೆಟ್ಟಿದೆ ಅಂತ ಕರೆಸಿದ್ರಲ್ಲ ಸಾರ್, ನೀವು ಸ್ವಿಚ್ಚೇ ಹಾಕಿರ್ಲಿಲ್ಲ."

"ಹಾಗಾದ್ರೆ ಕೊನೇ ಮನೆ ಬಿಡಿಸಿ ತೋರ್ಸಿ" ಎಂದರು ಮೇಡಂ.

ಒಬ್ಬರಾದರೂ ನಂಬಿದರೆ ಸಾಕಿತ್ತು ಗುಮಾಸ್ತರಿಗೆ. ಕುಳಿತರು. ಬೀರು ತಳ್ಳಿದರೆ ಮೇಜು ಅಡ್ಡ, ಮೇಜು ತಳ್ಳಿದರೆ ಪೆಟ್ಟಿಗೆ ಅಡ್ಡ. "ಎಡಕ್ಕೆ ತಳ್ಳಿ", "ಅಯ್ಯೋ, ಬಲಕ್ಕೆ" ಎಂದು ಸುತ್ತ ನಿಂತವರೆಲ್ಲ ಮೇಸ್ತ್ರಿಗಳಾದರು. ಡಬ್ಬಿಯ ಊಟ ತಣ್ಣಗಾಯಿತು. ಮಂಚ ಮಾತ್ರ ಮೊಂಡು ಎಮ್ಮೆಯ ಹಾಗೆ ಮೂಲೆ ಬಿಟ್ಟು ಕದಲಲಿಲ್ಲ. ತಾವೇ ಕಟ್ಟಿದ ಮನೆಯಲ್ಲಿ ತಾವೇ ಸಿಕ್ಕಿಕೊಂಡ ಗುಮಾಸ್ತರಿಗೆ ಅಳು ಬರುವುದೊಂದು ಬಾಕಿ.

ಸಂಜೆ ಮ್ಯಾನೇಜರು ಬಂದಾಗ ಒಂದು ಪಾರ್ಸಲ್ಲೂ ರವಾನೆಯಾಗಿರಲಿಲ್ಲ.

"ಯಾರ ಕೆಲಸ ಇದು?"

"ಇವರದೇ ಸಾರ್. ಆಟ ಬರೆದದ್ದೇ ಇವರು" ಎಂದರು ಮೇಡಂ.

"ಅದಕ್ಕೆ ನಾನೇ ಸಾಕ್ಷಿ" ಎಂದ ರಿಪೇರಿಯವನು.

ಮ್ಯಾನೇಜರು ಗುಮಾಸ್ತರನ್ನು ಅಡಿಯಿಂದ ಮುಡಿಯವರೆಗೆ ನೋಡಿದರು. "ಪಾಪದವರ ಮೇಲೆ ಯಾಕೆ ಹಾಕ್ತೀರಿ? ಇವರಿಗೆ ಅಷ್ಟೆಲ್ಲ ತಲೆ ಎಲ್ಲಿದೆ?" ಎಂದವರೇ ಗುಮಾಸ್ತರತ್ತ ತಿರುಗಿದರು. "ನೀವು ಮನೆಗೆ ಹೋಗಿ. ಇವರೆಲ್ಲ ಕೂತು ಕೆಲಸ ಮುಗಿಸ್ಲಿ."

ಗುಮಾಸ್ತರು ಚೀಲ ಹೆಗಲಿಗೇರಿಸಿ ಬಾಗಿಲವರೆಗೆ ಹೋದರು ಕೂಡ. ಆದರೆ ಆ ಮಾತು ಎದೆಗೆ ನಾಟಿತ್ತು. ಹೊಸ್ತಿಲಲ್ಲಿ ನಿಂತಾಗ ಥಟ್ಟನೆ ನೆನಪಾಯಿತು. ಆ ಕೊನೆಯ ಮನೆ ತಾವು ಹಿಂದೆ ಬಾಡಿಗೆಗಿದ್ದ ಮನೆಯ ಪಡಿಯಚ್ಚು. ಖಾಲಿ ಮಾಡುವ ದಿನ ಹೆಂಡತಿ ಸೊಂಟದ ಮೇಲೆ ಕೈಯಿಟ್ಟು, "ಮೊದಲು ಬೀರು ಬಚ್ಚಲಿಗೆ ತಳ್ರೀ" ಎಂದಿದ್ದಳು.

ವಾಪಸು ಬಂದು ಮ್ಯಾನೇಜರ ಕಣ್ಣೆದುರೇ ಬೀರುವನ್ನು ಬಚ್ಚಲಿಗೆ ತಳ್ಳಿದರು. ಮಂಚ ಸಲೀಸಾಗಿ ಹೊರಗೆ ಬಂತು.

ಮ್ಯಾನೇಜರು ಬಾಯಿಬಿಟ್ಟು ನೋಡಿದರು. ಆಮೇಲೆ ಎರಡೂ ಕೈ ಹಿಡಿದು ಕುಲುಕಿದರು. "ನಿಜವಾಗ್ಲೂ ನೀವೇನಾ? ನಿಮ್ಮಂಥವರನ್ನೇ ನಾನು ಹುಡುಕ್ತಿದ್ದೆ."

ಗುಮಾಸ್ತರ ಕಣ್ಣು ತುಂಬಿ ಬಂತು. ಇಷ್ಟು ವರ್ಷಕ್ಕೆ ಒಬ್ಬರು ನಂಬಿದ್ದರು.

"ಬೆಳಿಗ್ಗೆಯಿಂದ ಕೂಲಿಯವರೆಲ್ಲ ಕೈಚೆಲ್ಲಿ ಹೋದ್ರು. ನಮ್ಮ ಮಂಚ ಬಾಗಿಲು ದಾಟ್ತಾನೇ ಇಲ್ಲ" ಎನ್ನುತ್ತ ಮ್ಯಾನೇಜರು ಅವರ ಚೀಲವನ್ನು ತಾವೇ ಎತ್ತಿಕೊಂಡರು. "ಬನ್ನಿ, ಹೋಗೋಣ. ಬೀರು ಮಾತ್ರ ಸ್ವಲ್ಪ ಭಾರ."