ಹಪ್ಪಳದ ಆಸ್ಪತ್ರೆ

ಮೇಲಿಂದ ನೋಡಿದರೆ ಆಸ್ಪತ್ರೆ, ಪಕ್ಕದಿಂದ ನೋಡಿದರೆ ಹಪ್ಪಳ, ಕಾಗದದಲ್ಲಿ ನೋಡಿದರೆ ಕಡತ. ಏನು ಹೇಳಿ? ಗೊತ್ತಾಗಲಿಲ್ಲವಲ್ಲ? ಗೊತ್ತಾಗುವ ಹಾಗೆ ನಾನು ಕೇಳಿಯೂ ಇಲ್ಲ ಬಿಡಿ.

ಈಗ ವಿಷಯಕ್ಕೆ ಬರತಕ್ಕದ್ದು. ೧೯೨೩ರಲ್ಲಿ ಹೇಗ್ ಎಂಬ ಊರಿನಲ್ಲಿ ದೊಡ್ಡ ದೊಡ್ಡ ಕಾನೂನು ಪಂಡಿತರು ಕೂತು, ವಿಮಾನದಿಂದ ಯಾರ ತಲೆ ಮೇಲೆ ಬಾಂಬು ಹಾಕಬಹುದು, ಯಾರ ತಲೆ ಮೇಲೆ ಹಾಕಬಾರದು ಎಂದು ನಿಯಮ ಬರೆದು ಮುಗಿಸಿದರು. ನಿಯಮಗಳು ಬಹಳ ಚೆನ್ನಾಗಿದ್ದವು. ಆದ್ದರಿಂದ ಯಾವ ದೇಶವೂ ಒಪ್ಪಿ ಸಹಿ ಹಾಕಲಿಲ್ಲ. ನಲವತ್ತೆರಡು ವರ್ಷ ಕಾದು ನೋಡಿ, ೧೯೬೫ರ ಸೆಪ್ಟೆಂಬರಿನಲ್ಲಿ, ಗಡಿಯಲ್ಲಿ ಯುದ್ಧ ಜೋರಾದ ಮೇಲೆ, ನಜರ್‌ಬಾದಿನ ನಮ್ಮ ಬೀದಿ ಸಹಿ ಹಾಕಿತು.

ಹಾಕಿದವರು ನಿವೃತ್ತ ಶಿರಸ್ತೇದಾರ್ ವೃಷಭೇಂದ್ರಪ್ಪನವರು, ಬೀದಿಯ ವಾಯುಯುದ್ಧ ಕಾನೂನು ಪಾಲನಾ ಸಮಿತಿಯ ಅಧ್ಯಕ್ಷರು. ಕಾರ್ಯದರ್ಶಿಯೂ ಸದಸ್ಯರೂ ಅವರೇ. ಹೀಗಾಗಿ ಎಲ್ಲ ನಿರ್ಣಯಗಳೂ ಒಮ್ಮತದಿಂದ ಪಾಸಾಗುತ್ತಿದ್ದವು.

ಮೊದಲ ನಿರ್ಣಯ: ಆಸ್ಪತ್ರೆಯ ಮೇಲೆ ಬಾಂಬು ಹಾಕುವಂತಿಲ್ಲವಾದಕಾರಣ, ಬೀದಿಯು ಈ ಕೂಡಲೇ ಆಸ್ಪತ್ರೆಯಾಗತಕ್ಕದ್ದು. ಬಿಳಿಯ ಮೇಲೆ ಕೆಂಪು ಕ್ರಾಸ್ ಗುರುತು ಆಕಾಶಕ್ಕೆ ಕಾಣಬೇಕು. ಬೀದಿಯಲ್ಲಿ ಎಲ್ಲವೂ ಹೆಂಚಿನ ಮನೆ. ತಾರಸಿ ಇದ್ದದ್ದು ಮಂಗಳಮ್ಮನವರದು ಒಂದೇ.

ಮಂಗಳಮ್ಮ ಹಪ್ಪಳ ಮಾಡಿ ಬದುಕುವವರು. ದಸರೆಗೆಂದು ಒಂದು ಊಟದ ಹೋಟೆಲಿಗೆ ಎರಡು ಸಾವಿರ ಖಾರದ ಹಪ್ಪಳ ಒಪ್ಪಿಕೊಂಡಿದ್ದರು. ಹೇಳಿದ ದಿನಕ್ಕೆ ಕೊಟ್ಟರೆ ವರ್ಷವಿಡೀ ಅವರದೇ ಹಪ್ಪಳ, ತಪ್ಪಿದರೆ ಹಿನಕಲ್ಲಿನ ಬೋರಮ್ಮನದು.

"ತಾರಸಿ ದೇಶಕ್ಕೆ ಬೇಕಾಗಿದೆ, ಹಪ್ಪಳ ತೆಗೀರಿ," ಎಂದರು ಅಧ್ಯಕ್ಷರು.

"ಇನ್ನೆಲ್ಲಿ ಒಣಗಿಸ್ಲಿ ಸ್ವಾಮಿ, ನಿಮ್ ಬೋಳುತಲೆ ಮೇಲಾ?"

"ಬಾಂಬು ಬಿದ್ದರೆ ಏನಮ್ಮ ಮಾಡ್ತೀರಿ?"

"ಬಾಂಬ್ ಬಿದ್ರೆ ಒಂದ್ಸಲ ಸಾಯ್ತೀವಿ. ಹೋಟ್ಲು ತಪ್ಪೋದ್ರೆ ದಿನಾ ಸಾಯ್ಬೇಕು ಕಣ್ರೀ."

ಸಮಿತಿಯು ಒಂದು ಗಂಟೆ ತನ್ನೊಂದಿಗೆ ತಾನೇ ವಾದಿಸಿ ರಾಜಿಗೆ ಬಂತು: ಕೆಂಪು ಇರಬೇಕೆಂದು ಕಾನೂನು ಹೇಳಿದೆ, ಯಾವುದರ ಕೆಂಪೆಂದು ಹೇಳಿಲ್ಲ. ಆದಕಾರಣ ಬಿಳಿ ಪಂಚೆ ಹಾಸಿ, ಖಾರದ ಹಪ್ಪಳವನ್ನೇ ಕ್ರಾಸ್ ಆಕಾರಕ್ಕೆ ಜೋಡಿಸತಕ್ಕದ್ದು.

ಆಸ್ಪತ್ರೆ ಎಂದ ಮೇಲೆ ರೋಗಿ ಬೇಕು, ಇಲ್ಲದಿದ್ದರೆ ಶತ್ರುವಿಗೆ ಮೋಸ ಮಾಡಿದಂತೆ. ಮಂಗಳಮ್ಮನವರ ತಮ್ಮ ನಿಂಗಯ್ಯನನ್ನು ನೇಮಿಸಲಾಯಿತು. ಅವನಿಗೆ ಹುಟ್ಟಿದಾಗಿನಿಂದ ನೆಗಡಿಯೂ ಆಗಿರಲಿಲ್ಲ.

"ನಂಗೇನ್ ಕಾಯ್ಲೆ ಸ್ವಾಮಿ?"

"ಅದನ್ನು ಸಮಿತಿ ತೀರ್ಮಾನಿಸುತ್ತದೆ."

"ಅಂಗಾದ್ರೆ ಪಥ್ಯ ಮಾಡೋ ಕಾಯ್ಲೆ ಮಾತ್ರ ಆಕ್ಬ್ಯಾಡಿ."

ಮಾರನೇ ದಿನ ರೋಗಿ ಕೋಲು ಹಿಡಿದು ತಾರಸಿಯ ಮೇಲೆ ಕಾಗೆ ಓಡಿಸುತ್ತಿದ್ದ. ಅಧ್ಯಕ್ಷರು ಬೀದಿಯಿಂದಲೇ ಕೂಗಿದರು: "ಕೋಲು ಇಳಿಸಯ್ಯ! ಆಸ್ಪತ್ರೆ ಮೇಲೆ ವಿಮಾನ ಹೊಡೆಯೋ ಆಯುಧ ಇಟ್ಟರೆ ಕಾನೂನಿನ ರಕ್ಷಣೆ ಹೋಯಿತು!"

"ಕಾಗೆ ಸ್ವಾಮಿ ಇದು!"

"ಮೇಲಿನಿಂದ ಬರೋದೆಲ್ಲ ವಾಯುದಾಳಿಯೇ."

ಅಂದಿನಿಂದ ನಿಂಗಯ್ಯ ಬಾಯಲ್ಲೇ ಕಾಗೆ ಓಡಿಸಿದ. ಅವನ ಬಾಯಿ ಆಯುಧದ ವ್ಯಾಪ್ತಿಗೆ ಬರುವುದಿಲ್ಲವೆಂದು ಸಮಿತಿ ತೀರ್ಪು ಕೊಟ್ಟಿತು. ಅಕ್ಕಪಕ್ಕದ ಮನೆಯವರಿಗೆ ಇದರಲ್ಲಿ ಭಿನ್ನಾಭಿಪ್ರಾಯವಿತ್ತು.

ಉಳಿದದ್ದು ಒಂದೇ ತೊಡಕು. ಸಂಜೆ ಇಬ್ಬನಿಗೆ ಮೊದಲು ಮಂಗಳಮ್ಮ ಆಸ್ಪತ್ರೆಯನ್ನು ಮಡಚಿ ಒಳಗೆ ತರುತ್ತಿದ್ದರು. ಅದಕ್ಕಾಗಿ ತಾರಸಿಯಲ್ಲಿ, ಆಕಾಶಕ್ಕೆ ಮುಖ ಮಾಡಿ, ಒಂದು ಪ್ರಕಟಣೆ ಅಂಟಿಸಲಾಯಿತು:

"ಶತ್ರು ವಿಮಾನಗಳ ಗಮನಕ್ಕೆ. ಈ ಆಸ್ಪತ್ರೆಯು ಬೆಳಿಗ್ಗೆ ಹತ್ತರಿಂದ ಸಂಜೆ ಐದರವರೆಗೆ ಮಾತ್ರ ಇರುತ್ತದೆ. ಮಳೆ ಬಂದರೆ ಇರುವುದಿಲ್ಲ. ಬಾಂಬು ಹಾಕುವವರು ಕಚೇರಿ ವೇಳೆಯಲ್ಲೇ ಬಂದು, ಗುರುತು ನೋಡಿ, ಹಾಕದೆ ಹಿಂದಿರುಗತಕ್ಕದ್ದು."

ಯಾವ ವಿಮಾನವೂ ಬರಲಿಲ್ಲ. ಶತ್ರುಗಳು ಪ್ರಕಟಣೆಯನ್ನು ಅಕ್ಷರಶಃ ಪಾಲಿಸಿದ್ದಾರೆಂದು ಸಮಿತಿ ಮೆಚ್ಚುಗೆ ಸೂಚಿಸಿತು.

ಯುದ್ಧ ನಿಂತಿತು. ಹಪ್ಪಳ ಒಣಗಿತು. ಮಂಗಳಮ್ಮ ಬುಟ್ಟಿ ತಂದರು. ಅಧ್ಯಕ್ಷರು ಮೆಟ್ಟಿಲಿಗೆ ಅಡ್ಡ ನಿಂತರು.

"ಮುಟ್ಟಬೇಡಿ! ಆಸ್ಪತ್ರೆ ಮುಚ್ಚೋ ಆದೇಶ ಬಂದಿಲ್ಲ. ಆಸ್ಪತ್ರೇನ ಎಣ್ಣೇಲಿ ಕರಿಯೋದು ಯುದ್ಧಾಪರಾಧ."

"ಆದೇಶ ಕೊಡೋರ್ಯಾರು?"

"ಹೇಗ್‌ನವರು."

"ಅವರ್ಗೇ ಹೇಳ್ಬುಡಿ, ನಾಳೆ ಬೆಳಿಗ್ಗೆ ಹೋಟ್ಲಿಗೆ ಹಪ್ಪಳ ತಂದ್ಕೊಡ್ಲಿ. ನನ್ ಹೊಟ್ಟೆ ಮೇಲೆ ಹಾಕ್ತಿರೋ ಬಾಂಬ್‌ಗೆ ಕಾನೂನಿಲ್ವೇನ್ರೀ?"

ಸಮಿತಿ ಮತ್ತೆ ಸಭೆ ಸೇರಿತು. ಆಸ್ಪತ್ರೆಯನ್ನು ಮುಚ್ಚುವಂತಿಲ್ಲ, ವರ್ಗಾಯಿಸಬಹುದು! ಎರಡು ಸಾವಿರ ಹಪ್ಪಳವೂ ಹೋಟೆಲಿಗೆ ವರ್ಗವಾಯಿತು. ಹಪ್ಪಳ ತಿಂದವರೆಲ್ಲ ಒಳರೋಗಿಗಳೆಂದು ರಿಜಿಸ್ಟರಿನಲ್ಲಿ ದಾಖಲಾಗಿ, ಮಜ್ಜಿಗೆ ಅನ್ನ ಉಂಡ ಮೇಲೆ ಬಿಡುಗಡೆಯಾದರು. ದಸರೆಗೆ ಬಂದ ಜನ ಸಾಲುಗಟ್ಟಿ, "ಒಂದೂಟ, ಎರಡು ಹಪ್ಪಳ, ಹೊಟ್ಟೆನೋವು ಅಂತ ಬರ್ಕೊಳ್ಳಿ," ಎಂದು ಹೇಳುವುದನ್ನು ಎರಡೇ ದಿನದಲ್ಲಿ ಕಲಿತುಬಿಟ್ಟರು. ಯಾರೂ ಯಾಕೆಂದು ಕೇಳಲಿಲ್ಲ. ಮಂಗಳಮ್ಮನವರಿಗೆ ಹೋಟೆಲು ಉಳಿಯಿತು.

ಈ ಹೋಟೆಲಿನ ಭಾಗ ಮಾತ್ರ ನಾನು ಕಟ್ಟಿ ಹೇಳಿದ್ದು. ನಿಜವಾಗಿ, ಆದೇಶ ಬರುವವರೆಗೆಂದು ಆಸ್ಪತ್ರೆಯನ್ನು ಅಧ್ಯಕ್ಷರ ಅಡುಗೆಮನೆಯಲ್ಲಿ ಇಡಲಾಯಿತು. ಮಂಗಳಮ್ಮನವರಿಗೆ ರಸೀದಿ ಸಿಕ್ಕಿತು: "ಆಸ್ಪತ್ರೆ ಒಂದು, ತಲುಪಿದೆ." ಅದನ್ನು ಹಿಡಿದುಕೊಂಡು ಅವರು ಮೆಟ್ಟಿಲ ಮೇಲೆ ಕೂತಿದ್ದು ನೋಡಿದೆ. ಆಮೇಲೆ ಕಥೆಗೆ ಹೋಟೆಲಿನ ಕೊನೆ ಕಟ್ಟಿದೆ.