‘ಹೋಗಿ ಫೋನ್ ಮಾಡ್ತೀವಿ’ ಮತ್ತು ನನ್ನ ಡಿಕನ್‌ಸ್ಟ್ರಕ್ಷನ್

ಓದುಗ ಬಂಧುಗಳಿಗೆ ನಮಸ್ಕಾರ. ಒಂದೇ ಬೆರಳಲ್ಲಿ ಟೈಪ್ ಮಾಡುತ್ತಿದ್ದೇನೆ. ತಪ್ಪುಗಳನ್ನು ಹೊಟ್ಟೆಗೆ ಹಾಕಿಕೊಳ್ಳಿ.

ಹಿನಕಲ್‌ನಲ್ಲಿ ನನ್ನದೊಂದು ಹಿಟ್ಟಿನ ಗಿರಣಿ. ಐವತ್ತು ದಾಟಿದ ಮೇಲೆ ದೂರಶಿಕ್ಷಣದಲ್ಲಿ ಬಿ.ಎ. ಓದುತ್ತಿದ್ದೇನೆ. ಅಲ್ಲಿ ಸಿಕ್ಕ ಪದ ಡಿಕನ್‌ಸ್ಟ್ರಕ್ಷನ್. ಕಟ್ಟಡ ಕೆಡವುವುದಲ್ಲವಂತೆ. ಒಂದು ಮಾತನ್ನು ಬಿಡಿಸಿ, ಅದು ಹೇಳದೆ ಬಚ್ಚಿಟ್ಟದ್ದೇನು, ತನಗೆ ತಾನೇ ಎಲ್ಲಿ ಎದುರಾಡುತ್ತದೆ ಎಂದು ನೋಡುವುದಂತೆ. ಮೇಷ್ಟ್ರು ಹೀಗೆ ವಿವರಿಸಿದರು. ಇಷ್ಟೇನಾ! ರಾಗಿ ಬೀಸುವವನಿಗೆ ಮಾತು ಬೀಸುವುದು ಕಷ್ಟವೇ?

ಮೊದಲ ಪ್ರಯೋಗ ಹೆಂಡತಿ ಜಯಮ್ಮನ ಮೇಲೆ. ಗೆಳೆಯರ ಜೊತೆ ಹೊರಟಾಗ ‘ನಿಮ್ಮಿಷ್ಟ’ ಎಂದಳು. ಬಿಡಿಸಿ ನೋಡಿದೆ. ಒಳಗೆ ನನ್ನಿಷ್ಟ ಎಳ್ಳಷ್ಟೂ ಇರಲಿಲ್ಲ. ಚಪ್ಪಲಿ ಬಿಚ್ಚಿಟ್ಟು ಮನೆಯಲ್ಲೇ ಉಳಿದೆ. ಸಂಜೆ ಬೋಂಡಾ ಸಿಕ್ಕಿತು! ಸಿದ್ಧಾಂತ ಸಾಬೀತಾಯಿತು.

ಅದೇ ವಾರ ಭಾನುವಾರ ಮಗಳು ಸುಮಾಳನ್ನು ನೋಡಲು ನಜರ್‌ಬಾದಿನಿಂದ ಗಂಡಿನವರು ಬಂದರು. ಹುಡುಗ ಅವಳಿಗೆ ಹಿಡಿಸಿದ್ದ. ಕಾಫಿ ಕೊಟ್ಟು ಒಳಗೆ ಹೋದವಳು ಅಮ್ಮನ ಕೈ ಹಿಡಿದುಕೊಂಡೇ ನಿಂತಿದ್ದಳಂತೆ. ಉಪ್ಪಿಟ್ಟು, ಕೇಸರಿಬಾತ್ ಮುಗಿಸಿ ಹುಡುಗನ ತಾಯಿ ಎದ್ದರು.

“ಸಂತೋಷ ಆಯ್ತು. ಮನೆಗೆ ಹೋಗಿ ಫೋನ್ ಮಾಡ್ತೀವಿ.”

ನನ್ನೊಳಗಿನ ಬಿ.ಎ. ಎದ್ದು ನಿಂತಿತು. ಸಂತೋಷ ಆಗಿದ್ದರೆ ಇಲ್ಲೇ ಹೇಳಬಹುದಿತ್ತಲ್ಲ, ಮನೆಗೆ ಯಾಕೆ ಹೋಗಬೇಕು? ಬಾಗಿಲಿಗೆ ಅಡ್ಡ ನಿಂತು, ಅವರ ಮಾತನ್ನು ಒಂದೊಂದಾಗಿ ಬಿಡಿಸಿ, ಅದರೊಳಗೆ ನಿರಾಕರಣೆ ಅಡಗಿರುವುದನ್ನು ಸಭೆಗೆ ಸವಿಸ್ತಾರವಾಗಿ ನಿರೂಪಿಸಿದೆ. ನಮಗೇನೂ ಬೇಜಾರಿಲ್ಲ ಎಂದು ಹುಡುಗನ ಜಾತಕವನ್ನೂ ವಾಪಸ್ ಕೈಗಿಟ್ಟೆ!

ಆಕೆ ಜಾತಕ ನೋಡಿದರು. ನನ್ನನ್ನು ನೋಡಿದರು.

“ನಮ್ಮತ್ತೆ ಹಾಸಿಗೆ ಹಿಡಿದವ್ರೆ ಕಣ್ರೀ. ಅವರ ಕಿವಿಗೆ ಹಾಕ್ದೆ ನಾವು ಒಪ್ಪಿಗೆ ಕೊಡೋ ಹಂಗಿಲ್ಲ. ಅದಕ್ಕೇ ಹೋಗಿ ಫೋನ್ ಮಾಡ್ತೀವಿ ಅಂದಿದ್ದು.”

ಅಡುಗೆಮನೆಯಲ್ಲಿ ಲೋಟ ಬಿತ್ತು.

ಅವರು ಹೋದ ಮೇಲೆ ಸುಮಾ ಕೋಣೆಗೆ ಹೋಗಿ ಚಿಲಕ ಹಾಕಿಕೊಂಡಳು. ಆ ಚಿಲಕದ ಅರ್ಥ ಬಿಡಿಸಲು ಯಾವ ಪಾಠವೂ ಬೇಕಿರಲಿಲ್ಲ. ಮಾತಾಡಿದ್ದು ಜಯಮ್ಮ. “ಹಿಟ್ಟು ಬೀಸ್ಕೊಂಡಿರಿ ಅಂದ್ರೆ ಮಗಳ ಬಾಳನ್ನೇ ಬೀಸ್ಬುಟ್ರಲ್ಲ.” ಆ ರಾತ್ರಿ ನನ್ನ ಮುದ್ದೆ ತಟ್ಟೆಯಲ್ಲೇ ಉಳಿಯಿತು.

ಮರುದಿನ ಫೋನ್ ಬಂತು. ಹೇಳಿದ ಹಾಗೇ! ಹುಡುಗನ ಅಜ್ಜಿ ಒಪ್ಪಿದ್ದರು. ಒಪ್ಪಿಗೆಗೆ ಮೊದಲೇ ಜಾತಕ ವಾಪಸ್ ಕೊಟ್ಟ ಬೀಗರ ಕಥೆ ಕೇಳಿ ಮಲಗಿದ್ದಲ್ಲೇ ನಕ್ಕರಂತೆ. ಅವರದ್ದು ಒಂದೇ ಕೋರಿಕೆ: ಮದುವೆ ಮನೆಯಲ್ಲಿ ಬೀಗರು ಭಾಷಣ ಮಾಡಬಾರದು.

“ಜಯಾ, ಈ ಮಾತಿನ ಒಳಗೆ ನೋಡು...” ಎಂದು ಶುರು ಮಾಡಿದೆ.

“ಒಳಗೆ ಏನೂ ಇಲ್ಲ ಕಣ್ರೀ. ಬಾಯ್ಮುಚ್ಕೊಂಡಿರಿ ಅಂತ ಅಷ್ಟೇ.”

ಸುಮಾ ನಕ್ಕಳು. ನಾನು ಗಿರಣಿಗೆ ಹೋದೆ.

ಓದಿದ್ದು ಹೆಚ್ಚಾಗಿ ಹೀಗೆ ಎಡವಟ್ಟು ಮಾಡಿಕೊಂಡವರು ನಿಮ್ಮಲ್ಲೂ ಇದ್ದರೆ ದಯವಿಟ್ಟು ಬರೆಯಿರಿ. ನೀವು ಬರೆದದ್ದನ್ನು ಬರೆದ ಹಾಗೇ ಓದುತ್ತೇನೆ.